ಒಲೀಕ್ ಆಸಿಡ್ ಗುಳ್ಳೆಯಲ್ಲಿ ಆರ್‌ಎನ್‌ಎ ಹಿಡಿದಿಟ್ಟ ಬಗೆ: ನನ್ನ ಅನುಭವ

ಒಲೀಕ್ ಆಸಿಡ್‌ನಂಥ ಕೊಬ್ಬಿನ ಆಮ್ಲದ ಗುಳ್ಳೆ (ತೆಳು ಪೊರೆಯ ಪುಟ್ಟ ಚೀಲ) ಸೋರುತ್ತದೆ, ಮೆಗ್ನೀಷಿಯಂ ತಾಗಿದರೆ ಸಾಕು ಗಸಿಯಾಗಿ ಕೂತುಬಿಡುತ್ತದೆ, ಅದರಲ್ಲಿ ಆರ್‌ಎನ್‌ಎ ಇಡುವ ಆಸೆ ಬಿಡು. ಈ ಮಾತನ್ನು ಎಷ್ಟು ಜನ ಹೇಳಿದರೋ ಲೆಕ್ಕವಿಲ್ಲ. ಈಗ ಮೆಗ್ನೀಷಿಯಂ ಹಾಕಿದ ಮೇಲೂ ನನ್ನ ಗುಳ್ಳೆ ನಿಂತಿದೆ, ಒಳಗೆ ಆರ್‌ಎನ್‌ಎ ಹಾಗೇ ಇದೆ. ಗುಳ್ಳೆ ಮಾಡಿ ಅಭ್ಯಾಸ ಇರುವವರಿಗಾಗಿ ಬರೆಯುತ್ತಿದ್ದೇನೆ. ಮೈಸೆಲ್ ಅಂದರೆ ಸೋಪಿನಂಥ ಅಣುಗಳ ಪುಟ್ಟ ಗೊಂಚಲು ಅಂತೆಲ್ಲ ಇಲ್ಲಿ ಶುರು ಮಾಡುವುದಿಲ್ಲ.

ಫಾಸ್ಫೋಲಿಪಿಡ್ (ಜೀವಕೋಶದ ಪೊರೆಯಲ್ಲಿರುವ ಕೊಬ್ಬು) ಬಿಟ್ಟಿದ್ದಕ್ಕೆ ಮೊದಲ ಕಾರಣ ದುಡ್ಡು. ಅದರ ಒಂದು ಪುಟ್ಟ ಸೀಸೆಯ ಬೆಲೆಗೆ ವರ್ಷಕ್ಕಾಗುವಷ್ಟು ಒಲೀಕ್ ಆಸಿಡ್ ಬರುತ್ತದೆ. ಆದರೆ ಇದರಲ್ಲೂ ಅಗ್ಗದ ದರ್ಜೆ ಬೇಡವೇ ಬೇಡ. ಲ್ಯಾಬ್‌ಗೆ ಮೊದಲು ಬಂದದ್ದು 90% ಶುದ್ಧದ್ದು, ಹಳದಿ ಬಣ್ಣ. ಅದರಲ್ಲಿ ಒಂದು ಸಲ ಬಂದ ಗಾತ್ರ ಮತ್ತೊಂದು ಸಲ ಬರಲಿಲ್ಲ. ಉಳಿಸಿದ ದುಡ್ಡಿನ ಎರಡರಷ್ಟು ಬಫರ್ (ಪಿಎಚ್ ಹಿಡಿದಿಡುವ ದ್ರಾವಣ) ಮತ್ತು ಡೈಗೆ ಹೋಯಿತು. 99% ದರ್ಜೆಯದನ್ನು ತಂದು, ಸಣ್ಣ ಸಣ್ಣ ಪಾಲು ಮಾಡಿ, ಆರ್ಗಾನ್ ತುಂಬಿ ಫ್ರೀಜರ್‌ನಲ್ಲಿಟ್ಟ ಮೇಲೆ ಆ ಕಾಟ ನಿಂತಿತು.

ಒಲೀಕ್ ಆಸಿಡ್‌ನ ಸ್ಟಾಕ್ (ಮೂಲ ದ್ರಾವಣ) ಸುಮಾರು 80 ಮಿಲಿಮೋಲಾರ್, ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ, ಪಿಎಚ್ 10ರ ಮೇಲೆ. ನೋಡಲು ತಿಳಿ ನೀರು. ಇದನ್ನು ಪಿಎಚ್ 8.5ರ ಬೈಸಿನ್ ಬಫರ್‌ಗೆ ಬಿಟ್ಟು ಮೆಲ್ಲಗೆ ತಿರುಗಿಸಿದರೆ ಮೊದಲು ಏನೂ ಕಾಣುವುದಿಲ್ಲ. ಆಮೇಲೆ ತಳದಿಂದ ತೆಳುವಾದ ನೀಲಿ ಛಾಯೆಯ ಮಬ್ಬು ಏಳುತ್ತದೆ. ಅರ್ಧದಷ್ಟು ಅಣುಗಳು ಪ್ರೋಟಾನ್ ಕಳೆದುಕೊಂಡು, ಉಳಿದರ್ಧ ಇಟ್ಟುಕೊಂಡು, ಜೋಡಿಜೋಡಿಯಾಗಿ ಹೈಡ್ರೋಜನ್ ಬಂಧದಲ್ಲಿ ನಿಲ್ಲುವ ಹೊತ್ತು ಅದು. ಜೋಡಿಗೆ ಬಾಲ (ಇಂಗಾಲದ ಉದ್ದ ಸರಪಳಿ) ಎರಡಾಗುತ್ತವಲ್ಲ, ಅದಕ್ಕೇ ಒಂದೇ ಬಾಲದ ಅಣುವೂ ಹಾಳೆ ಕಟ್ಟುತ್ತದೆ. ಪಿಎಚ್ 7ರ ಹತ್ತಿರ ಹೋದರೆ ಎಣ್ಣೆಯಾಗಿ ಮೇಲೆ ತೇಲುತ್ತದೆ. 10 ದಾಟಿದರೆ ಬರೀ ಸೋಪು. ಬಫರ್ 0.2 ಮೋಲಾರ್‌ಗಿಂತ ಕಮ್ಮಿ ಇದ್ದರೆ ಸ್ಟಾಕ್‌ನ ಕ್ಷಾರಕ್ಕೆ ಪಿಎಚ್ ಮೇಲಕ್ಕೆ ಜಾರುತ್ತದೆ.

ಹೊಸ ಗುಳ್ಳೆ ಕಟ್ಟುವಾಗ ಹಳೆಯ ಗುಳ್ಳೆಗಳನ್ನು ಸ್ವಲ್ಪ ಬೆರೆಸಿದರೆ ಕೆಲಸ ಬೇಗ ಆಗುತ್ತದೆ, ಗಾತ್ರವೂ ಹತೋಟಿಗೆ ಬರುತ್ತದೆ. ಎಷ್ಟು, ಯಾವ ಹೊತ್ತಿಗೆ ಅನ್ನುವುದು ಸದ್ಯ ನನ್ನಲ್ಲೇ ಇರಲಿ.

ನಿಜವಾದ ಗೋಳು ಇದ್ದದ್ದು ಕಾಲಂನಲ್ಲಿ. ಹೊರಗುಳಿದ ಆರ್‌ಎನ್‌ಎ ಬೇರ್ಪಡಿಸಲು ಸೆಫರೋಸ್ 4ಬಿ (ಗಾತ್ರ ನೋಡಿ ಬೇರ್ಪಡಿಸುವ ಜೆಲ್ ಮಣಿ) ತುಂಬಿದ ಕಾಲಂ ಮೇಲೆ ಹಾಕುತ್ತೇವಲ್ವಾ, ಅಲ್ಲಿ ಗುಳ್ಳೆಗಳೇ ಮಾಯ. ಗ್ರಾಫ್‌ನಲ್ಲಿ ಗುಳ್ಳೆ ಬರಬೇಕಾದ ಮೊದಲ ಪೀಕ್ ಜಾಗದಲ್ಲಿ ಏನೂ ಇಲ್ಲ, ಎಲ್ಲವೂ ಬಿಡಿ ಆರ್‌ಎನ್‌ಎ ಬರುವ ಎರಡನೆಯದರಲ್ಲಿ. ಫಾಸ್ಫೋಲಿಪಿಡ್ ಹೀಗೆ ಮಾಡುವುದಿಲ್ಲ. ಕೊಬ್ಬಿನ ಆಮ್ಲದ ಅಣು ಪೊರೆಯಿಂದ ಸದಾ ಹೊರಗೆ ಹೋಗಿ ಒಳಗೆ ಬರುತ್ತಿರುತ್ತದೆ. ಬರೀ ಬಫರ್ ಹರಿಸಿದರೆ ಹೋದದ್ದು ವಾಪಸ್ ಬರುವುದಿಲ್ಲ, ಗುಳ್ಳೆ ಕರಗಿಯೇ ಹೋಗುತ್ತದೆ. ಕಾಲಂಗೆ ಹರಿಸುವ ಬಫರ್‌ನಲ್ಲೇ ಒಂದಿಷ್ಟು ಗುಳ್ಳೆ ಕಟ್ಟಿದ ಒಲಿಯೇಟ್ (ಒಲೀಕ್ ಆಸಿಡ್‌ನ ಲವಣ) ಇರಬೇಕು. ಅರ್ಧ ಮಿಲಿಮೋಲಾರ್ ಹಾಕಿದೆ, ಮೊದಲ ಪೀಕ್ ನೆಟ್ಟಗೆ ಎದ್ದು ನಿಂತಿತು. ಒಳಗೆ ಸಿಕ್ಕಿದ್ದು ಹಾಕಿದ್ದರಲ್ಲಿ ನೂರಕ್ಕೆ ಎರಡು ಮೂರು ಭಾಗ ಅಷ್ಟೇ. ಡೈ ಅಂಟಿಸಿದ ಆರ್‌ಎನ್‌ಎ ಅಂದರೆ ಪ್ರಾಣ ಹೋಗುವಷ್ಟು ದುಬಾರಿ. ಹಾಗಾಗಿ ಎರಡನೇ ಪೀಕ್ ಚೆಲ್ಲುವುದಿಲ್ಲ, ಎಥನಾಲ್‌ನಲ್ಲಿ ಇಳಿಸಿ ಮತ್ತೆ ಬಳಸುತ್ತೇನೆ.

ಮೆಗ್ನೀಷಿಯಂ ವಿಷಯ. ಕೆಲವೇ ಮಿಲಿಮೋಲಾರ್ ಹಾಕಿದರೂ ಟ್ಯೂಬ್ ತಳದಲ್ಲಿ ಬಿಳಿ ಗಸಿ. ಮೆಗ್ನೀಷಿಯಂ ಇಲ್ಲದೆ ರೈಬೋಝೈಮ್ (ಕಿಣ್ವದಂತೆ ಕೆಲಸ ಮಾಡುವ ಆರ್‌ಎನ್‌ಎ) ಮಡಚಿಕೊಳ್ಳುವುದೂ ಕಷ್ಟ. ಮೆಗ್ನೀಷಿಯಂ ಅನ್ನು ಬಿಗಿಯಾಗಿ ಹಿಡಿಯುವ ಇಡಿಟಿಎ ಹಾಕಿದರೆ ಗುಳ್ಳೆ ಉಳಿಯುತ್ತದೆ, ಆದರೆ ಆರ್‌ಎನ್‌ಎಗೆ ಮೆಗ್ನೀಷಿಯಂ ಸಿಗುವುದಿಲ್ಲ. ಸಿಟ್ರೇಟ್ ಮಾತ್ರ ಸಡಿಲವಾಗಿ ಹಿಡಿಯುತ್ತದೆ. ಇದನ್ನು 2013ರಲ್ಲೇ ಜೀವದ ಉಗಮದ ಬಗ್ಗೆ ಸಂಶೋಧನೆ ಮಾಡುವ ಆಡಮಾಲಾ ಮತ್ತು ಶೋಸ್ಟಾಕ್ ತೋರಿಸಿದ್ದರು. ನಾನು ಮೆಗ್ನೀಷಿಯಂನ ನಾಲ್ಕು ಪಟ್ಟು ಸಿಟ್ರೇಟ್ ಇಡುತ್ತೇನೆ, ಅದನ್ನೇ ಮೊದಲು ಹಾಕುತ್ತೇನೆ. ಮರುದಿನ ಸಂಜೆ ಮತ್ತೆ ಕಾಲಂ ಓಡಿಸಿದರೆ ಆರ್‌ಎನ್‌ಎ ಹೆಚ್ಚುಕಡಿಮೆ ಎಲ್ಲವೂ ಗುಳ್ಳೆಯ ಪೀಕ್‌ನಲ್ಲೇ ಬಂತು. ಆಗಲ್ಲ ಅಂದವರಿಗೆ ಗ್ರಾಫ್ ತೋರಿಸಿದ್ದೇನೆ.

ನಡುವೆ ಸುಮ್ನೆ ಇನ್ನೊಂದು ನೋಡಿದೆ. ದೊಡ್ಡ, ಹಲವು ಪದರದ ಗುಳ್ಳೆಗೆ ಮೈಸೆಲ್ ಉಣಿಸಿದರೆ ಅದು ಉಬ್ಬುವುದಿಲ್ಲ. ಮೈಕ್ರೋಸ್ಕೋಪ್‌ನಲ್ಲಿ ಮೊದಲು ಪಕ್ಕದಲ್ಲೊಂದು ಸಣ್ಣ ಬಾಲ ಕಾಣುತ್ತದೆ. ನೋಡನೋಡುತ್ತಾ ಗುಳ್ಳೆಯೆಲ್ಲ ಆ ಬಾಲಕ್ಕೇ ಹರಿದು ಉದ್ದನೆಯ ದಾರವಾಗುತ್ತದೆ. ಸ್ಲೈಡ್ ಪಕ್ಕ ಮೆಲ್ಲಗೆ ಊದಿದರೆ ದಾರ ತುಂಡಾಗಿ ಮರಿಗುಳ್ಳೆಗಳು. ಇದಕ್ಕೆ ಒಂದು ವಾರ ಹೋಯಿತು, ಬೇಜಾರಿಲ್ಲ.

ಮಾಡಿ ನೋಡುವವರು ಕೋಲ್ಡ್ ರೂಮಿನಲ್ಲಿ ಮಾತ್ರ ಮಾಡಬೇಡಿ. ಒಲೀಕ್ ಆಸಿಡ್ 13-14 ಡಿಗ್ರಿಗೇ ಗಟ್ಟಿಯಾಗುತ್ತದೆ. ಈಗ ನಾನು ಮಾನೋಒಲೀನ್ (ಗ್ಲಿಸರಾಲ್‌ಗೆ ಅಂಟಿದ ಒಲೀಕ್ ಆಸಿಡ್) ಬೆರೆಸಿ ಸಿಟ್ರೇಟ್ ಎಷ್ಟು ಕಮ್ಮಿ ಮಾಡಬಹುದು ಅಂತ ನೋಡುತ್ತಿದ್ದೇನೆ.