ಬೇರೆ ದೇಶದ ಕಾನೂನನ್ನು ಕೋರ್ಟಿನ ಮುಂದಿಡುವುದು: ನನ್ನ ಅನುಭವ

ಕರಾರು ಒಂದು ದೇಶದ ಕಾನೂನಿನದು, ದಾವೆ ಮಾತ್ರ ಇನ್ನೊಂದು ದೇಶದಲ್ಲಿ. ಇಂಥ ಕೇಸುಗಳು ನನ್ನ ಬಳಿ ಆಗಾಗ ಬರುತ್ತವೆ. ಆ ಕಾನೂನು ಏನು ಹೇಳುತ್ತದೆ ಅಂತ ಜಡ್ಜ್‌ಗೆ ತೋರಿಸಬೇಕಲ್ವಾ? ಸಾಮಾನ್ಯವಾಗಿ ಎರಡೂ ಕಡೆಯವರು ತಲಾ ಒಬ್ಬ ತಜ್ಞರನ್ನು ಕರೆತರುತ್ತಾರೆ. ಇಬ್ಬರೂ ಓದಿಕೊಂಡವರೇ. ಆದರೆ ಫೀಸು ಕೊಟ್ಟವರ ಕಡೆಗೆ ಅಭಿಪ್ರಾಯ ವಾಲುವುದನ್ನು ನಾನು ಸಾಕಷ್ಟು ನೋಡಿದ್ದೇನೆ.

ಹಾಗಾಗಿ ಎರಡೂ ದೇಶಗಳು 1968ರ ಲಂಡನ್ ಒಪ್ಪಂದದಲ್ಲಿದ್ದರೆ ಮೊದಲು ಆ ದಾರಿ ನೋಡುತ್ತೇನೆ. ಯುರೋಪಿನ ದೇಶಗಳ ಸಂಘಟನೆಯಾದ ಕೌನ್ಸಿಲ್ ಆಫ್ ಯುರೋಪ್ ಮಾಡಿಸಿದ ಒಪ್ಪಂದ ಅದು, ಒಂದು ದೇಶದ ಕೋರ್ಟು ಇನ್ನೊಂದು ದೇಶದ ಕಾನೂನು ಏನು ಅಂತ ಆ ದೇಶವನ್ನೇ ಅಧಿಕೃತವಾಗಿ ಕೇಳಲು ಅವಕಾಶ ಕೊಡುತ್ತದೆ. ಪ್ರಶ್ನೆ ಕೋರ್ಟಿನಿಂದ ಹೊರಡಬೇಕು, ಅದೂ ಕೇಸು ದಾಖಲಾದ ಮೇಲೆಯೇ. ಕಕ್ಷಿದಾರರು 'ಸುಮ್ನೆ ಕೇಳಿ ನೋಡೋಣ' ಅಂದರೆ ಆಗಲ್ಲ. ಕೋರ್ಟು ಅನುಮತಿ ಕೊಟ್ಟರೆ ಕರಡನ್ನು ವಕೀಲರೇ ಬರೆಯಬಹುದು, ಆ ಆದೇಶವನ್ನು ಜೊತೆಗೆ ಲಗತ್ತಿಸಬೇಕು.

ನಿಜವಾದ ಕೆಲಸ ಇರುವುದು ಆ ಕರಡಿನಲ್ಲೇ. 'ನಿಮ್ಮಲ್ಲಿ ಕಾಲಮಿತಿ (ದಾವೆ ಹೂಡಲು ಇರುವ ಗಡುವು) ಎಷ್ಟು?' ಅಂತ ಕೇಳಿದರೆ ಕಲಮಿನ ನಕಲು ಬರುತ್ತದೆ, ಅದು ನನಗೆ ಮೊದಲೇ ಸಿಕ್ಕಿರುತ್ತದೆ. ಅದರ ಬದಲು ಸರಕು ತಲುಪಿದ ತಾರೀಖು, ದೋಷ ಗೊತ್ತಾದ ತಾರೀಖು, ಮಾರಿದವನು ಹೊಣೆ ಒಪ್ಪಿಕೊಂಡು ಬರೆದ ಪತ್ರ, ಎಲ್ಲವನ್ನೂ ಕೊಟ್ಟು, ಇಂಥ ಪತ್ರದಿಂದ ಕಾಲಮಿತಿ ಮತ್ತೆ ಮೊದಲಿನಿಂದ ಶುರುವಾಗುತ್ತದೆಯೇ, ಈ ಬಗ್ಗೆ ಮೇಲಿನ ಕೋರ್ಟುಗಳ ತೀರ್ಪುಗಳು ಯಾವುವು ಅಂತ ಕೇಳುತ್ತೇನೆ. ವಾಸ್ತವಾಂಶವನ್ನು ಎದುರು ಪಕ್ಷದ ವಕೀಲರಿಗೂ ತೋರಿಸಿ ಒಪ್ಪಿಸಿಕೊಳ್ಳುವುದು ಒಳ್ಳೆಯದು, ಇಲ್ಲದಿದ್ದರೆ ಉತ್ತರ ಬಂದ ಮೇಲೆ 'ಪ್ರಶ್ನೆಯೇ ತಪ್ಪು' ಅಂತ ಜಗಳ ತೆಗೆಯುತ್ತಾರೆ. ಒಂದೇ ದೇಶದಲ್ಲಿ ಬೇರೆ ಬೇರೆ ಕಾನೂನು ವ್ಯವಸ್ಥೆಗಳಿದ್ದರೆ ಯಾವುದರ ಬಗ್ಗೆ ಕೇಳುತ್ತಿದ್ದೇವೆ ಅಂತಲೂ ಹೇಳಬೇಕು. ಇನ್ನು ಅನುವಾದ, ಅದು ಉತ್ತರಿಸುವ ದೇಶದ ಭಾಷೆಗೇ ಆಗಬೇಕು.

ಉತ್ತರಕ್ಕೆ ಸಾಮಾನ್ಯವಾಗಿ ಶುಲ್ಕವಿಲ್ಲ. ಅಲ್ಲಿನವರು ಖಾಸಗಿ ವಕೀಲರಿಗೆ ವಹಿಸುವುದಾದರೆ ಖರ್ಚಿಗೆ ಮೊದಲು ನಮ್ಮ ಒಪ್ಪಿಗೆ ಕೇಳುತ್ತಾರೆ. ಆದರೆ ಬಂದ ಉತ್ತರಕ್ಕೆ ನಮ್ಮ ಜಡ್ಜ್ ಬದ್ಧರಲ್ಲ. ಉತ್ತರ ಕೊಟ್ಟವರನ್ನು ಪಾಟೀ ಸವಾಲಿಗೆ ಕರೆಯುವ ವ್ಯವಸ್ಥೆಯೂ ಒಪ್ಪಂದದಲ್ಲಿಲ್ಲ. ಹಾಗಾಗಿ ಕಾನೂನೇ ಗೊಂದಲದಲ್ಲಿದ್ದಾಗ, ಅಂದರೆ ತೀರ್ಪುಗಳು ಒಂದಕ್ಕೊಂದು ಹೊಂದದಿದ್ದಾಗ, ನಾನು ತಜ್ಞರ ಕಡೆಗೇ ಹೋಗುತ್ತೇನೆ.

ನನಗೆ ಜಾಸ್ತಿ ಇಷ್ಟವಾದದ್ದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ ಮತ್ತು ಸಿಂಗಾಪುರದ ಸುಪ್ರೀಂ ಕೋರ್ಟುಗಳು 2010ರಲ್ಲಿ ಮಾಡಿಕೊಂಡ ಏರ್ಪಾಡು. ಅಲ್ಲಿ ಪ್ರಶ್ನೆಯನ್ನು ಆ ಕಾನೂನು ಇರುವ ಕಡೆಯ ಜಡ್ಜ್‌ಗಳಿಂದಲೇ ತೀರ್ಮಾನ ಮಾಡಿಸಿಕೊಂಡು ಬನ್ನಿ ಅಂತ ಕಕ್ಷಿದಾರರಿಗೆ ಹೇಳಬಹುದು. ಇಂಥದ್ದು ಇನ್ನಷ್ಟು ದೇಶಗಳ ನಡುವೆ ಬಂದರೆ ತಜ್ಞರ ಫೀಸಿನ ಮೇಲೇ ನಿಂತ ಎಷ್ಟೋ ವಾದಗಳು ಬಿದ್ದುಹೋಗುತ್ತವೆ.