14,750 ರೂಪಾಯಿ ಫೀಸ್ ಕಟ್ಟಿದ ಕಾರ್ಡು: ನನ್ನ ಹಾಳೆ, ನನ್ನ ಲೆಕ್ಕ

ನಮ್ಮ ಭಾವ ಸಿಎ. ಮನೆಯಲ್ಲಿ ದುಡ್ಡಿನ ವಿಷಯಕ್ಕೆ ಅವರ ಮಾತೇ ಕೊನೆ. "ಕ್ರೆಡಿಟ್ ಕಾರ್ಡಿಗೆ ಫೀಸ್ ಕಟ್ಟೋನು ದಡ್ಡ" ಅಂತ ಅವರ ವಾದ. ಆಫೀಸಿನ ಗೆಳೆಯರದ್ದು ಉಲ್ಟಾ: "ಎಚ್‌ಡಿಎಫ್‌ಸಿ ಬ್ಯಾಂಕಿನ ಇನ್ಫಿನಿಯಾ ಕಾರ್ಡ್ ಸಿಕ್ಕರೆ ಯೋಚನೆನೇ ಮಾಡಬೇಡ, ತಗೋ." ಎರಡೂ ಕಡೆಯವರು ಪೆನ್ನು ಹಿಡಿದು ಲೆಕ್ಕ ಹಾಕಿರಲಿಲ್ಲ. ಕಟ್ಟಿದ ಫೀಸಿಗೆ ತಕ್ಕಷ್ಟು ವಾಪಸ್ ಬರುತ್ತಾ ಅಂತ ನಾನು ಲೆಕ್ಕ ಹಾಕಿದೆ. ಕಾರ್ಡು ಎರಡು ಸಲ ರಿನ್ಯೂವಲ್ ಆದರೂ ಲೆಕ್ಕ ತಪ್ಪಿಲ್ಲ. ಕಳೆದ ದೀಪಾವಳಿಗೆ ಭಾವನೇ ನನ್ನ ಹಾಳೆಯ ಫೋಟೋ ತೆಗೆದುಕೊಂಡು ಹೋದರು. ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಕಾರ್ಡ್ ಬಳಸಿ ರೂಢಿ ಇರುವವರಿಗೆ ಈ ಬರಹ. ಬಿಲ್ ಪೂರ್ತಿ ಕಟ್ಟುವ ಅಭ್ಯಾಸ ಇಲ್ಲದವರು ಇಲ್ಲಿಗೇ ಬಿಟ್ಟುಬಿಡಿ. ತಿಂಗಳಿಗೆ ಮೂರೂವರೆ ಪರ್ಸೆಂಟಿನ ಬಡ್ಡಿ ಎದುರು, ಖರ್ಚಿಗೆ ಬ್ಯಾಂಕ್ ಕೊಡುವ ಯಾವ ರಿವಾರ್ಡ್ ಪಾಯಿಂಟೂ ಉಳಿಯುವುದಿಲ್ಲ.

ಮೊದಲ ಪ್ರೀಮಿಯಂ ಕಾರ್ಡಿನ ಕಥೆ ಕೇಳಿ. ಬ್ಯಾಂಕಿನ ಹೆಸರು ಬೇಡ. ಫೀಸ್ 5,000, ಶೇಕಡ 18 ಜಿಎಸ್‌ಟಿ ಸೇರಿ 5,900. ಅದಕ್ಕೆ 5,000ದ ವೋಚರ್ ಕೊಡುತ್ತಾರೆ, ಹಾಗಾಗಿ "ಕಾರ್ಡು ಹೆಚ್ಚುಕಮ್ಮಿ ಪುಕ್ಕಟೆ" ಅಂತ ಮಾರುವ ಹುಡುಗ ಹೇಳಿದ. ವೋಚರ್ ಬಂದಿದ್ದು ಒಂದು ಬಟ್ಟೆ ಅಂಗಡಿಯದ್ದು. ಅಲ್ಲಿ ಒಂದು ಶರ್ಟೇ ಎರಡೂವರೆ ಸಾವಿರ. ವೋಚರ್ ಮುಗಿಸಲು ಹೋಗಿ ಕೈಯಿಂದ ಮತ್ತೆ ನಾಲ್ಕು ಸಾವಿರದಷ್ಟು ಹೋಯಿತು. ಸಿನಿಮಾ ಟಿಕೆಟ್ ಆಫರ್ ಮೊದಲ ಕೆಲವು ತಿಂಗಳು ನೆನಪಿತ್ತು, ಆಮೇಲೆ ಇಲ್ಲ. ಪಾಯಿಂಟಿನ ಬೆಲೆ 25 ಪೈಸೆ. ಬ್ಯಾಂಕಿನ ಕರಪತ್ರದಲ್ಲಿ ವರ್ಷಕ್ಕೆ ಇಪ್ಪತ್ತು ಸಾವಿರದ ಮೇಲೆ ಲಾಭ ಅಂತ ಇತ್ತು. ನನ್ನ ಜೇಬಿಗೆ ನಿಜವಾಗಿ ಬಂದದ್ದು ಮೂರೂವರೆ ಸಾವಿರ ಇರಬಹುದು.

ಅದನ್ನು ಸರಿದೂಗಿಸಲು ಮನೆ ಬಾಡಿಗೆಯನ್ನೂ ಆ್ಯಪ್ ಮೂಲಕ ಅದೇ ಕಾರ್ಡಿನಲ್ಲಿ ಕಟ್ಟಿ ನೋಡಿದೆ. ಆ್ಯಪ್‌ನವರದ್ದು ಒಂದು ಪರ್ಸೆಂಟ್ ಚಿಲ್ಲರೆ ಚಾರ್ಜು. ಸ್ವಲ್ಪ ತಿಂಗಳಲ್ಲೇ ಬ್ಯಾಂಕ್ ಕೂಡ ತನ್ನದೊಂದು ಪರ್ಸೆಂಟ್ ಹಾಕಿತು, ಬಾಡಿಗೆಗೆ ಪಾಯಿಂಟ್ ನಿಲ್ಲಿಸಿತು. ಅಲ್ಲಿಗೆ ಆ ದಾರಿ ಮುಚ್ಚಿತು.

ಕಾರ್ಡ್ ಮುಚ್ಚಿ ಅಂತ ಬರೆದು ಕೊಟ್ಟರೂ ಮುಂದಿನ ಬಿಲ್ಲಿನಲ್ಲಿ ಫೀಸ್ ಬಂತು. ಬಾಕಿ ಇಲ್ಲದ ಕಾರ್ಡನ್ನು ಕೇಳಿದ 7 ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡ ಮಾಡಿದರೆ ಗ್ರಾಹಕರಿಗೆ ದಿನಕ್ಕೆ 500 ರೂಪಾಯಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮ ಇದೆ. ಅದನ್ನು ಉಲ್ಲೇಖಿಸಿ ಒಂದು ಮೇಲ್ ಹಾಕಿದೆ. ಫೀಸ್ ವಾಪಸ್ ಬಂತು, ದಂಡವೂ ಒಂದಷ್ಟು ಬಂತು. ಆ ಕಾರ್ಡಿನಿಂದ ನನಗಾದ ಅತಿ ದೊಡ್ಡ ಲಾಭ ಬಹುಶಃ ಅದೇ.

ಇಷ್ಟಾದ ಮೇಲೆ ಹಾಳೆ ತೆಗೆದೆ. ಫೀಸ್ ಇರುವ ಕಾರ್ಡನ್ನು ಎಲ್ಲರೂ ಸೊನ್ನೆಯ ಜೊತೆ ಹೋಲಿಸುತ್ತಾರೆ. ಇಷ್ಟು ಪಾಯಿಂಟ್ ಬಂತು, ಇಷ್ಟು ಫೀಸ್ ಹೋಯಿತು, ಉಳಿದದ್ದು ಲಾಭ. ಅದು ಲೆಕ್ಕವೇ ಅಲ್ಲ. ಕೈಯಲ್ಲಿ ಆಗಲೇ ಇರುವ ಪುಕ್ಕಟೆ ಕಾರ್ಡಿನ ಜೊತೆ ಹೋಲಿಸಬೇಕು. ನನ್ನ ಹತ್ತಿರ ಅಮೆಜಾನ್ ಪೇ ಐಸಿಐಸಿಐ ಇತ್ತು. ವರ್ಷದ ಫೀಸ್ ಇಲ್ಲ, ಅಮೆಜಾನಿನ ಪ್ರೈಮ್ ಸದಸ್ಯರಿಗೆ ಅಮೆಜಾನಿನಲ್ಲಿ 5 ಪರ್ಸೆಂಟ್ ವಾಪಸ್, ಹೊರಗೆ 1 ಪರ್ಸೆಂಟ್. ದುಬಾರಿ ಕಾರ್ಡು ಇದಕ್ಕಿಂತ ಎಷ್ಟು ಜಾಸ್ತಿ ಕೊಡುತ್ತೆ? ಆ ಜಾಸ್ತಿಯಿಂದಲೇ ಫೀಸ್ ಹುಟ್ಟಬೇಕು.

ಅಷ್ಟರಲ್ಲಿ ನನಗೆ ಎಚ್‌ಡಿಎಫ್‌ಸಿ ಇನ್ಫಿನಿಯಾ ಸಿಕ್ಕಿತ್ತು. ಅದು ಕೇಳಿದವರಿಗೆಲ್ಲ ಕೊಡುವ ಕಾರ್ಡಲ್ಲ. ನನಗೆ ಹೇಗೆ ಸಿಕ್ಕಿತು ಅಂತ ತುಂಬಾ ಜನ ಕೇಳಿದ್ದಾರೆ, ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಸಂಬಳ ಒಂದರಿಂದಲೇ ಅಲ್ಲ, ಅಷ್ಟು ಹೇಳಬಲ್ಲೆ. ಮುಂದಿನ ಅಂಕಿಗಳು ನಾನು 2024ರಲ್ಲಿ ಲೆಕ್ಕ ಹಾಕಿದಾಗಿನವು. ನಿಯಮಗಳು ಬದಲಾಗುತ್ತಲೇ ಇರುತ್ತವೆ, ನಿಮ್ಮ ಹಾಳೆಗೆ ನಿಮ್ಮ ವರ್ಷದ ಅಂಕಿ ಹಾಕಿಕೊಳ್ಳಿ.

ಫೀಸ್ 12,500, ಜಿಎಸ್‌ಟಿ ಸೇರಿ 14,750. ಫೀಸ್ ಕಟ್ಟಿದರೆ 12,500 ಪಾಯಿಂಟ್ ಬರುತ್ತದೆ. 150 ರೂಪಾಯಿ ಖರ್ಚಿಗೆ 5 ಪಾಯಿಂಟ್, ಅಂದರೆ ಲಕ್ಷಕ್ಕೆ ಸುಮಾರು 3,300. ಬ್ಯಾಂಕಿನದೇ ಪೋರ್ಟಲ್ ಆದ ಸ್ಮಾರ್ಟ್‌ಬೈನಲ್ಲಿ ವಿಮಾನ, ಹೋಟೆಲಿಗೆ ಬಳಸಿದರೆ ಪಾಯಿಂಟಿಗೆ ಒಂದು ರೂಪಾಯಿ. ಬಿಲ್ಲಿಗೆ ಜಮಾ ಮಾಡಿಕೊಂಡರೆ 30 ಪೈಸೆ ಅಷ್ಟೇ.

ನಾನು ಒಂದು ರೂಪಾಯಿ ಹಿಡಿಯುವುದಿಲ್ಲ, 90 ಪೈಸೆ ಹಿಡಿಯುತ್ತೇನೆ. ಯಾವ ಬ್ಯಾಂಕಿನ ಪೋರ್ಟಲ್ ಆದರೂ ಅಲ್ಲಿನ ಟಿಕೆಟ್ ದರವನ್ನು ಏರ್‌ಲೈನ್ ಆ್ಯಪಿನ ಪಕ್ಕ ಇಟ್ಟು ನೋಡಬೇಕು. ವ್ಯತ್ಯಾಸ ಇದ್ದರೆ ಅದು ಪಾಯಿಂಟಿನ ಬೆಲೆಯಿಂದಲೇ ಹೋಗುವುದು. ಅಲ್ಲದೆ ಪಾಯಿಂಟ್ ಅಂದರೆ ಇವತ್ತಿನ ದುಡ್ಡಲ್ಲ, ಬ್ಯಾಂಕ್ ಮನಸ್ಸು ಬದಲಿಸಬಹುದು.

ಈಗ ಖರ್ಚಿನ ಕಡೆ. ಮೈಸೂರಿನಲ್ಲಿ ನಮ್ಮದು ಇಬ್ಬರೂ ದುಡಿಯುವ ಮನೆ. ಇಎಂಐ ಬಿಟ್ಟು ವರ್ಷಕ್ಕೆ ಹನ್ನೊಂದು ಲಕ್ಷದ ಆಸುಪಾಸು ಖರ್ಚು. "ಹಾಗಾದ್ರೆ 36 ಸಾವಿರ ಪಾಯಿಂಟ್!" ಅಂತ ಗೆಳೆಯ ಕುಣಿದ. ತಡಿ ಮಾರಾಯ. ಬಾಡಿಗೆಗೆ ಪಾಯಿಂಟ್ ಇಲ್ಲ. ಪೆಟ್ರೋಲಿಗೆ ಇಲ್ಲ. ಶಾಲೆ ಫೀಸನ್ನು ಮಧ್ಯದ ಆ್ಯಪ್ ಮೂಲಕ ಕಟ್ಟಿದರೆ ಇಲ್ಲ, ಶಾಲೆಯದ್ದೇ ಮೆಷಿನ್ನಿನಲ್ಲಿ ಉಜ್ಜಿದರೆ ಇದೆ. ಅಮೆಜಾನ್ ಖರ್ಚು ಪುಕ್ಕಟೆ ಕಾರ್ಡಿನಲ್ಲೇ ಲಾಭ, 5 ಪರ್ಸೆಂಟ್ ಬಿಟ್ಟು 3.3ಕ್ಕೆ ಯಾಕೆ ಬರಲಿ? ಇನ್ನು ಯುಪಿಐ. ದೇವರಾಜ ಮಾರ್ಕೆಟಿನ ಹೂವಿನವರ ಹತ್ತಿರ ಕ್ಯೂಆರ್ ಇರುತ್ತೆ, ಕಾರ್ಡ್ ಮೆಷಿನ್ ಇರಲ್ಲ. ತರಕಾರಿ, ಹಾಲು, ಆಟೋ, ಹೋಟೆಲ್ ಎಲ್ಲ ಹಾಗೇ. ಇವನ್ನೆಲ್ಲ ಕಳೆದರೆ ಉಳಿದದ್ದು ಐದು ಲಕ್ಷ. ಬಹಳ ಜನರ ಲೆಕ್ಕ ಕೆಡುವುದು ಇಲ್ಲೇ.

ಐದು ಲಕ್ಷಕ್ಕೆ 16,600 ಪಾಯಿಂಟ್, ಫೀಸಿಗೆ ಬಂದ 12,500. ಒಟ್ಟು 29 ಸಾವಿರ ಚಿಲ್ಲರೆ. 90 ಪೈಸೆಯ ಲೆಕ್ಕದಲ್ಲಿ ಸುಮಾರು 26,200 ರೂಪಾಯಿ. ಫೀಸ್ 14,750 ಕಳೆಯಿರಿ. ಪುಕ್ಕಟೆ ಕಾರ್ಡು ಹೇಗಿದ್ದರೂ ಕೊಡುತ್ತಿದ್ದ 5,000 ಕಳೆಯಿರಿ. ಕೈಯಲ್ಲಿ 6,400ರಷ್ಟು. ಅದೇ ಪಾಯಿಂಟನ್ನು 30 ಪೈಸೆಗೆ ಬಿಲ್ಲಿಗೆ ಹಾಕಿಸಿಕೊಂಡರೆ? 11 ಸಾವಿರ ನಷ್ಟ. ಅದೇ ಕಾರ್ಡು, ಅದೇ ಖರ್ಚು! ನಮ್ಮ ಆಫೀಸಿನಲ್ಲಿ ಒಬ್ಬರು ಮೂರು ವರ್ಷ ಹಾಗೇ ಮಾಡುತ್ತಿದ್ದರು, ಕಾರ್ಡಿನ ಗುಣಗಾನವನ್ನೂ ಮಾಡುತ್ತಿದ್ದರು.

ಇನ್ನೊಂದು ಷರತ್ತು ಇದೆ. ಟಿಕೆಟ್ ದರದ 70 ಪರ್ಸೆಂಟ್ ಮಾತ್ರ ಪಾಯಿಂಟಿನಲ್ಲಿ, ಉಳಿದದ್ದು ದುಡ್ಡು. ಅಂದರೆ 29 ಸಾವಿರ ಪಾಯಿಂಟ್ ಕರಗಬೇಕಾದರೆ ವರ್ಷಕ್ಕೆ ಸುಮಾರು 41 ಸಾವಿರದ ವಿಮಾನ, ಹೋಟೆಲ್ ಖರ್ಚು ಇರಬೇಕು. ಅದೂ ಹೇಗಿದ್ದರೂ ಆಗುತ್ತಿದ್ದ ಖರ್ಚು. ನಮ್ಮದು ನಾಲ್ಕು ಜನ, ವರ್ಷಕ್ಕೊಮ್ಮೆ ಬೆಂಗಳೂರಿನಿಂದ ದೆಹಲಿ ಕಡೆ ಹೋಗಿ ಬರುವುದು ಇದ್ದೇ ಇತ್ತು. ಹಾಗಾಗಿ ಸರಿಹೋಯಿತು. ಪಾಯಿಂಟ್ ಇದೆ ಅಂತ ಪ್ರವಾಸ ಹುಟ್ಟಿಸಿಕೊಂಡವರಿಗೆ ಈ ಲೆಕ್ಕ ನಡೆಯಲ್ಲ.

ಏರ್‌ಪೋರ್ಟಿನ ಲೌಂಜ್, ಅಂದರೆ ಈ ಕಾರ್ಡು ತೋರಿಸಿದರೆ ಪುಕ್ಕಟೆ ಕೂತು ತಿನ್ನುವ ಜಾಗ, ಅದರ ಬಗ್ಗೆ ಜಗಳ ಜಾಸ್ತಿ. ಗೆಳೆಯರು ಒಂದು ಸಲಕ್ಕೆ ಸಾವಿರ, ಸಾವಿರದೈನೂರು ಅಂತ ಹಿಡಿಯುತ್ತಾರೆ. ನಾನು 300 ಹಿಡಿಯುತ್ತೇನೆ. ಲೌಂಜ್ ಇಲ್ಲದಿದ್ದರೆ ನಾನು ಏರ್‌ಪೋರ್ಟಿನಲ್ಲಿ ಒಂದು ದೋಸೆ, ಒಂದು ಕಾಫಿಗೆ ಕೊಡುತ್ತಿದ್ದದ್ದು ಅಷ್ಟೇ ತಾನೇ? ಒಂದು ಮಾತು ಮಾತ್ರ ಒಪ್ಪುತ್ತೇನೆ: ಮೈಸೂರಿನವರಿಗೆ ಲೌಂಜ್ ಸ್ವಲ್ಪ ಜಾಸ್ತಿ ಉಪಯೋಗ. ಬೆಂಗಳೂರು ಏರ್‌ಪೋರ್ಟಿಗೆ ಫ್ಲೈಬಸ್ಸಿನಲ್ಲಿ ಹೋಗುವವರು ಟ್ರಾಫಿಕ್ಕಿಗೆ ಹೆದರಿ ಮೂರು ನಾಲ್ಕು ಗಂಟೆ ಮೊದಲೇ ಇಳಿದಿರುತ್ತೇವೆ. ಹೆಂಡತಿಗೂ ನನ್ನ ಕಾರ್ಡಿನ ಮೇಲೇ ಕೊಟ್ಟ ಆ್ಯಡ್-ಆನ್ ಕಾರ್ಡ್ ಇದೆ. ಇಬ್ಬರದ್ದೂ ಸೇರಿ ವರ್ಷಕ್ಕೆ ಮೂರು ಸಾವಿರ ಅಂತ ಬರೆದುಕೊಂಡಿದ್ದೇನೆ. ಇದನ್ನು ಬೇರೆ ಸಾಲಿನಲ್ಲಿ ಇಡುತ್ತೇನೆ. ಲೌಂಜ್ ಸೇರಿಸಿದರೆ ಮಾತ್ರ ಗೆಲ್ಲುವ ಕಾರ್ಡು ನನ್ನ ಪ್ರಕಾರ ಸೋತ ಕಾರ್ಡು.

ಇದರ ನಡುವೆ ಒಂದು ಪ್ರಯೋಗ. ಸಿಂಗಾಪುರಕ್ಕೆ ಹೋದಾಗ ಅಲ್ಲಿನ ಖರ್ಚನ್ನು ಎರಡು ಕಾರ್ಡಿಗೆ ಹಂಚಿದೆ. ತಲಾ 40 ಸಾವಿರ ಇರಬಹುದು. ಒಂದು ಇನ್ಫಿನಿಯಾ, ಅದರಲ್ಲಿ ಫಾರೆಕ್ಸ್ ಮಾರ್ಕಪ್ (ವಿದೇಶಿ ಹಣದ ಖರ್ಚಿಗೆ ಬ್ಯಾಂಕ್ ಹಾಕುವ ಚಾರ್ಜು) 2 ಪರ್ಸೆಂಟ್, ಅದರ ಮೇಲೆ ಜಿಎಸ್‌ಟಿ, ಒಟ್ಟು 2.36. ಇನ್ನೊಂದು ಮಾರ್ಕಪ್ಪೇ ಇಲ್ಲದ ಪುಕ್ಕಟೆ ಕಾರ್ಡು. ಪಾಯಿಂಟ್ ಎಲ್ಲ ಲೆಕ್ಕ ಹಾಕಿದ ಮೇಲೆ ಇನ್ಫಿನಿಯಾ ಗೆದ್ದದ್ದು 250 ರೂಪಾಯಿಯಲ್ಲಿ. ಇದಕ್ಕಾಗಿ ಮೂರು ಸಂಜೆ ರಸೀದಿ ಜೋಡಿಸುತ್ತಾ ಕೂತಿದ್ದೆ, ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಆದರೆ ಮೂರೂವರೆ ಪರ್ಸೆಂಟ್ ಮಾರ್ಕಪ್ಪಿನ ಸಾಧಾರಣ ಕಾರ್ಡ್ ಉಜ್ಜಿದ್ದರೆ ಅದೇ 40 ಸಾವಿರಕ್ಕೆ ಜಿಎಸ್‌ಟಿ ಸೇರಿ 1,650 ಹೋಗುತ್ತಿತ್ತು. ಅಲ್ಲಿನ ಮೆಷಿನ್ "ರೂಪಾಯಿಯಲ್ಲಿ ಕಟ್ತೀರಾ?" ಅಂತ ಕೇಳಿದರೆ ಬೇಡ ಅನ್ನಿ. ಅಲ್ಲಿನ ಡಾಲರಿನಲ್ಲೇ ಕಟ್ಟಿ.

ಇನ್ನೊಂದು ಪ್ರಯೋಗ ಯುಪಿಐ ಖರ್ಚಿನದ್ದು. ಪುಕ್ಕಟೆಯ ರುಪೇ ಕ್ರೆಡಿಟ್ ಕಾರ್ಡೊಂದನ್ನು ಯುಪಿಐಗೆ ಜೋಡಿಸಿದೆ. ವ್ಯಾಪಾರಿ ಕ್ಯೂಆರ್ ಇದ್ದರೆ ನಡೆಯುತ್ತೆ, ಅಂಗಡಿಯವರ ವೈಯಕ್ತಿಕ ಖಾತೆಯ ಕ್ಯೂಆರ್ ಇದ್ದರೆ ನಡೆಯಲ್ಲ. ವರ್ಷಕ್ಕೆ ಸಾವಿರದೈನೂರು ಬಂದಿರಬಹುದು. ಅದರ ಶ್ರೇಯ ದುಬಾರಿ ಕಾರ್ಡಿಗೆ ಸೇರಲ್ಲ, ಹಾಳೆಯಲ್ಲಿ ಅದರ ಹೆಸರೇ ಇಲ್ಲ.

ಇನ್ನು ಹತ್ತು ಲಕ್ಷದ ಹುಚ್ಚು. ವರ್ಷಕ್ಕೆ ಹತ್ತು ಲಕ್ಷ ಉಜ್ಜಿದರೆ ಫೀಸ್ ಮಾಫಿ. ಅದಕ್ಕಾಗಿ ಕಾರ್ಡ್ ವರ್ಷದ ಕೊನೆಯಲ್ಲಿ ಬೇಡದ ಟಿವಿ ತರುವವರು, ನೆಂಟರ ಖರ್ಚನ್ನೆಲ್ಲ ತಮ್ಮ ಕಾರ್ಡಿಗೆ ಎಳೆದುಕೊಳ್ಳುವವರು ನನಗೆ ಗೊತ್ತು. ಆದರೆ ಫೀಸ್ ಮಾಫಿಯಾದರೆ ಆ 12,500 ಪಾಯಿಂಟೂ ಬರಲ್ಲ. ಅಂದರೆ ಮಾಫಿಯ ನಿಜವಾದ ಬೆಲೆ 14,750 ಅಲ್ಲ. ನನ್ನ 90 ಪೈಸೆ ಲೆಕ್ಕದಲ್ಲಿ ಅದು 3,500. ಪೂರ್ತಿ ರೂಪಾಯಿ ಹಿಡಿದರೆ 2,250. ಭಾವ ಸುಮ್ಮನಾಗಿದ್ದು ಈ ಸಾಲು ನೋಡಿ.

ಎಷ್ಟು ಖರ್ಚಿಗೆ ಫೀಸ್ ಹುಟ್ಟುತ್ತೆ ಅನ್ನುವ ಗಡಿಯೂ ಇದರಿಂದಲೇ ಸಿಗುತ್ತದೆ. ಪುಕ್ಕಟೆ ಕಾರ್ಡ್ 1 ಪರ್ಸೆಂಟಿನದ್ದಾದರೆ ಲಕ್ಷಕ್ಕೆ ಎರಡು ಸಾವಿರ ಜಾಸ್ತಿ ಸಿಗುತ್ತದೆ. 3,500 ಹುಟ್ಟಲು ಪಾಯಿಂಟ್ ಸಿಗುವಂಥ ಖರ್ಚು ಒಂದೂಮುಕ್ಕಾಲು ಲಕ್ಷ ಇದ್ದರೆ ಸಾಕು. ನಿಮ್ಮ ಹತ್ತಿರ ಎಲ್ಲದಕ್ಕೂ 2 ಪರ್ಸೆಂಟ್ ಕೊಡುವ ಕಾರ್ಡ್ ಇದ್ದರೆ ಮೂರೂವರೆ ಲಕ್ಷ ಬೇಕು. ಪ್ರಯಾಣ ಇಲ್ಲದಿದ್ದರೆ ಯಾವ ಗಡಿಯೂ ಇಲ್ಲ, ಬಿಟ್ಟುಬಿಡಿ.

ಲೆಕ್ಕ ಯಾವತ್ತೂ ಮುಂದಿನ ಹನ್ನೆರಡು ತಿಂಗಳಿಗೆ ಮಾತ್ರ. ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡಿನಲ್ಲಿ ತಿಂಗಳಿಗೆ ಲಕ್ಷ ಖರ್ಚು ಮಾಡಿದರೆ 25,000 ಪಾಯಿಂಟ್ ಸಿಗುತ್ತಿತ್ತು, 2023ರ ಸೆಪ್ಟೆಂಬರ್ 1ಕ್ಕೆ ಅದು ನಿಂತಿತು. ಮೂರು ವರ್ಷದ ಪಾಯಿಂಟ್ ಕೂಡಿಟ್ಟು ದೊಡ್ಡ ಪ್ರವಾಸ ಮಾಡುವ ಯೋಜನೆ ನನಗೆ ಹಿಡಿಸಲ್ಲ. ಬಂದದ್ದನ್ನು ವರ್ಷದೊಳಗೆ ಖಾಲಿ ಮಾಡುತ್ತೇನೆ.

ರಿನ್ಯೂವಲ್ಲಿಗೆ ಮುಂಚೆ ಬ್ಯಾಂಕಿಗೆ ಫೋನ್ ಮಾಡುವುದೂ ಒಂದು ಕಲೆ. ಏನು ಹೇಳಬೇಕು, ಎಷ್ಟು ವಾರ ಮೊದಲು ಹೇಳಬೇಕು ಅನ್ನುವುದನ್ನು ಬರೆದರೆ ನಾಳೆಯಿಂದ ಅದು ಕೆಲಸ ಮಾಡಲ್ಲ. ಹಾಗಾಗಿ ಬರೆಯಲ್ಲ.

ಈ ವರ್ಷ ಮಗಳು ಎರಡನೇ ಪಿಯುಸಿ. ದೆಹಲಿ ಇಲ್ಲ, ಎಲ್ಲೂ ಇಲ್ಲ. 41 ಸಾವಿರದ ಜಾಗದಲ್ಲಿ ಹೆಚ್ಚೆಂದರೆ 12 ಸಾವಿರದ ಟಿಕೆಟ್ ಆಗಬಹುದು. ಹಾಳೆಯಲ್ಲಿ ಹೊಸ ಅಂಕಿ ಹಾಕಿದೆ, ಮೈನಸ್ ಬರುತ್ತಿದೆ. ಇಷ್ಟು ಕಷ್ಟಪಟ್ಟು ಸಿಕ್ಕ ಕಾರ್ಡು ಬಿಡುತ್ತೀಯಾ ಅಂತ ಆಫೀಸಿನವರು ಬೈಯುತ್ತಿದ್ದಾರೆ. ಕೆಳಗಿನ ಕಾರ್ಡಿಗೆ ಇಳಿಸಿ ಅಂತ ಅರ್ಜಿ ಬರೆದು ಇಟ್ಟಿದ್ದೇನೆ, ಫೀಸ್ ಬೀಳುವ ತಿಂಗಳಿಗೆ ಮುಂಚೆ ಕಳಿಸುತ್ತೇನೆ.