ಡಬ್ಬದ ಟೊಮೇಟೊ, ಹಸಿ ಕೋಸು

ನ್ಯೂಜೆರ್ಸಿಯ ಮಗಳ ಮನೆಯಲ್ಲಿ ಕಣ್ಣಾರೆ ಕಂಡೆ. ಟೊಮೇಟೊ ಡಬ್ಬ ತೆರೆದವಳೇ ರಸವನ್ನೆಲ್ಲ ಸಿಂಕಿಗೆ ಬಸಿದಳು. ಈ ಕಡೆ ಕೋಸನ್ನು ಸಣ್ಣಗೆ ಹೆಚ್ಚಿ, ಪಾತ್ರೆ ತುಂಬ ನೀರಲ್ಲಿ ಅರ್ಧ ಗಂಟೆ ನೆನೆಹಾಕಿದಳು. ಆಮೇಲೆ ನನ್ನನ್ನೇ ಕೇಳುತ್ತಾಳೆ, "ಅಮ್ಮಾ, ಎರಡರಲ್ಲಿ ಯಾವುದು ಮೈಗೆ ಒಳ್ಳೇದು?" ಒಳ್ಳೇದೆಲ್ಲ ಚರಂಡಿಗೆ ಹೋಯ್ತಲ್ಲೇ ತಾಯಿ!

ಸಿ ವಿಟಮಿನ್ ಬೇಕಿದ್ದರೆ ಕೋಸೇ. 100 ಗ್ರಾಂ ಹಸಿ ಕೋಸಿನಲ್ಲಿ ಸುಮಾರು 35 ಮಿಲಿಗ್ರಾಂ ಇರುತ್ತದೆ, ಡಬ್ಬದ ಟೊಮೇಟೊದಲ್ಲಿ 10ರ ಆಸುಪಾಸು. ನಾರೂ ಕೋಸಿನಲ್ಲೇ ಜಾಸ್ತಿ. ಹಾಗಂತ ಡಬ್ಬವನ್ನು ಹೀಗಳೆಯಬೇಡಿ. ಟೊಮೇಟೊಗೆ ಕೆಂಪು ಕೊಡುವ ಲೈಕೋಪೀನ್ ಕೋಸಿನಲ್ಲಿ ಇಲ್ಲವೆಂದೇ ಹೇಳಬೇಕು. ಅದು ಬೆಂದು, ಒಂದಿಷ್ಟು ಎಣ್ಣೆ ಸೇರಿದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಡಬ್ಬಕ್ಕೆ ತುಂಬುವಾಗಲೇ ಕಾಯಿಸಿರುತ್ತಾರಲ್ಲ, ಅರ್ಧ ಕೆಲಸ ಆಗಿರುತ್ತದೆ. ಉಪ್ಪು ಹಾಕಿದ್ದಾರಾ ಅಂತ ಚೀಟಿ ಓದಿ, ಸಾರಿಗೆ ಆಮೇಲೆ ಉಪ್ಪು ಹಾಕಿ. ಮಿಕ್ಕಿದ್ದನ್ನು ಡಬ್ಬದಲ್ಲೇ ಫ್ರಿಜ್ಜಿಗೆ ತಳ್ಳಬೇಡಿ, ಗಾಜಿನ ಪಾತ್ರೆಗೆ ಬಗ್ಗಿಸಿಡಿ. ಕಬ್ಬಿಣದ ಬಾಣಲೆಯಲ್ಲೂ ಟೊಮೇಟೊದಂಥ ಹುಳಿ ಪದಾರ್ಥ ಬಿಟ್ಟಿಡಬಾರದು. ತನ್ನ ಬಾಣಲೆಯನ್ನೂ ಮಗಳು ಪಾತ್ರೆ ತೊಳೆಯುವ ಮಿಷನ್ನಿಗೆ ಹಾಕಿ ತುಕ್ಕು ಹಿಡಿಸಿದ್ದಳು! ಉಜ್ಜಿ, ಒರೆಸಿ, ಎಣ್ಣೆ ಸವರಿ ಇಡೋಕೆ ಎಷ್ಟು ಹೊತ್ತು ಬೇಕು?

ಈಗ ಕೋಸಿಗೆ ಬನ್ನಿ. ನಮ್ಮತ್ತೆ ಇದರಲ್ಲಿ ಬಲು ಮಡಿ. ಹೆಚ್ಚಿದ ಕೋಸಿಗೆ ನೀರು ಸೋಕಿಸಿದರೆ ಈಳಿಗೆಮಣೆ ಕಿತ್ತುಕೊಳ್ಳುತ್ತಿದ್ದರು. ಆಗ ಬೈದುಕೊಂಡೆ, ಈಗ ನಾನೂ ಅದೇ. ಸಿ ವಿಟಮಿನ್ ನೀರಲ್ಲಿ ಕರಗುತ್ತದೆ, ಹೆಚ್ಚಿದಷ್ಟೂ ಬೇಗ ಸೋರುತ್ತದೆ. ಆದ್ದರಿಂದ ತೊಳೆಯುವುದೆಲ್ಲ ಹೆಚ್ಚುವ ಮೊದಲು.

ಬಾಡಿದ ಹೊರಗಿನ ಎಲೆ ತೆಗೆಯಿರಿ. ದಿಂಡಿನ ಸುತ್ತ ಚಾಕುವಿನ ಮೊನೆಯಿಂದ ಕೊರೆಯಿರಿ. ಅಲ್ಲಿ ನಲ್ಲಿ ನೀರು ಸಣ್ಣಗೆ ಬಿಟ್ಟರೆ ಎಲೆಗಳು ಹರಿಯದೆ ಒಂದೊಂದಾಗಿ ಬಿಟ್ಟುಕೊಳ್ಳುತ್ತವೆ. ಎಳೆದರೆ ಚೂರಾಗುತ್ತದೆ, ಅವಸರ ಬೇಡ. ಇಡೀ ಎಲೆಗಳನ್ನೇ ಉಪ್ಪುನೀರಲ್ಲಿ ಸ್ವಲ್ಪ ಹೊತ್ತು ಬಿಡಿ, ಮಡಿಕೆಯಲ್ಲಿ ಅಡಗಿದ ಹುಳ ಮೇಲೆ ಬರುತ್ತದೆ. ಮತ್ತೆ ನಲ್ಲಿಯಡಿ ಎರಡೂ ಕಡೆ ಬೆರಳಾಡಿಸಿ ತೊಳೆದು, ಹಳೇ ಪಂಚೆ ಬಟ್ಟೆಯ ಮೇಲೆ ಹರವಿ. ಎಲೆ ಮುಟ್ಟಿದರೆ ತೇವ ಅನಿಸಬಾರದು. ಆಮೇಲೆ ನಾಲ್ಕೈದು ಎಲೆ ಜೋಡಿಸಿ ಚಾಪೆಯಂತೆ ಬಿಗಿಯಾಗಿ ಸುತ್ತಿ, ನೂಲಿನಷ್ಟು ಸಣ್ಣಗೆ ಕೊರೆಯಿರಿ. ಊಟಕ್ಕೆ ಕೂರುವ ಮುಂಚೆ ಕೊರೆಯಬೇಕು, ಬೆಳಗ್ಗೆ ಕೊರೆದು ರಾತ್ರಿಗಲ್ಲ.

ಈ ಕೋಸಿಗೆ ನೆನೆದ ಹೆಸರುಬೇಳೆ, ಕಾಯಿತುರಿ, ಆರಿದ ಒಗ್ಗರಣೆ ಸೇರಿಸಿದರೆ ಕೋಸಂಬರಿ. ಉಪ್ಪು, ನಿಂಬೆ ಬಡಿಸುವಾಗ ಮಾತ್ರ. ಮುಂಚೆಯೇ ಉಪ್ಪು ಬಿದ್ದರೆ ಕೋಸು ನೀರು ಬಿಡುತ್ತದೆ, ಅದನ್ನು ಹಿಂಡಿ ಚೆಲ್ಲುವ ಜಾಣರೂ ಇದ್ದಾರೆ!

ಒಂದು ಮಾತು. ಕೋಸಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಕೆ ವಿಟಮಿನ್ ಜಾಸ್ತಿ. ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡುವ ವಾರ್ಫರಿನ್ ಮಾತ್ರೆ ನುಂಗುವವರು ದಿಢೀರನೆ ಬಟ್ಟಲುಗಟ್ಟಲೆ ತಿನ್ನಬಾರದು, ಪೂರಾ ಬಿಡಲೂಬಾರದು. ಡಾಕ್ಟರನ್ನು ಕೇಳಿ, ದಿನಾ ಒಂದೇ ಅಳತೆ ಇಟ್ಟುಕೊಳ್ಳಿ. ನಮ್ಮೆಜಮಾನರಿಗೆ ನಾನು ಹಿತ್ತಾಳೆ ಬಟ್ಟಲನ್ನೇ ಅಳತೆ ಮಾಡಿದ್ದೆ. ಅವರು ಇನ್ನೊಂದು ಸಲ ಬಡಿಸು ಅಂತ ಕಣ್ಣಲ್ಲೇ ಕೇಳುತ್ತಿದ್ದರು, ನಾನು ಸಾರು ಬಡಿಸುತ್ತಿದ್ದೆ.